ಘಾಟಿಗೆ ಜಗ್ಗದ ಕಣ್ಣು

ನಮ್ಮ ಸಾನ್ ಲೂಕಾಸಿನಲ್ಲಿ ಮದುವೆ ಮುರಿದರೂ ಮುರಿಯಬಹುದು, ಕರಿಗೊಜ್ಜು ಮಾತ್ರ ಕೆಡಬಾರದು. ಮದುಮಗ ಓಡಿಹೋದರೆ ಒಂದಷ್ಟು ದಿನ ಮಾತಾಡಿಕೊಂಡು ಸುಮ್ಮನಾಗುತ್ತಾರೆ. ಗೊಜ್ಜು ಕಹಿಯಾಯಿತೆಂದರೆ ಆ ಮನೆಯವರನ್ನು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಇಂಥ ಊರಿನಲ್ಲಿ ದೊಡ್ಡ ಸೌಟು ಹಿಡಿಯುವವಳೆಂದರೆ ಸಾಮಾನ್ಯಳೇ? ಊರಿನ ಅಧ್ಯಕ್ಷ ಎದುರಿಗೆ ಬಂದರೂ ಅವಳು ಕೂತಲ್ಲಿಂದ ಏಳುವುದಿಲ್ಲ, ಅವನೇ ಟೋಪಿ ತೆಗೆದು ನಿಲ್ಲುತ್ತಾನೆ. ಆ ಸೌಟು ಬಹಳ ವರ್ಷ ಒತೀಲಿಯಾಳ ಕೈಯಲ್ಲಿತ್ತು.

ಸೌಟು ಯಾರಿಗೆ ಎಂಬುದನ್ನು ನಮ್ಮಲ್ಲಿ ಓಟು ಹಾಕಿ ತೀರ್ಮಾನಿಸುವುದಿಲ್ಲ, ಘಾಟು ತೀರ್ಮಾನಿಸುತ್ತದೆ. ಹಬ್ಬದ ಹಿಂದಿನ ದಿನ ಊರಿನ ಹೆಂಗಸರೆಲ್ಲ ಇಗರ್ಜಿಯ ಹಿಂದಿರುವ ಹೊಗೆಮನೆಯಲ್ಲಿ ಸೇರುತ್ತಾರೆ. ಮಣ್ಣಿನ ಗೋಡೆಯ ದೊಡ್ಡ ಅಡುಗೆಕೋಣೆ ಅದು. ಇರುವುದು ಒಂದೇ ಕಿಟಕಿ, ಅದಕ್ಕೂ ಹಲಗೆ ಹೊಡೆದು ಮುಚ್ಚಿದ್ದರು. ಗೊಜ್ಜಿಗೆ ಚಾಕಲೇಟು ಬೀಳುವುದು ಕೊನೆಗೆ, ಅದಕ್ಕೆ ಮುಂಚೆ ಸಾಲಾಗಿ ಮಣ್ಣಿನ ಹೆಂಚುಗಳನ್ನಿಟ್ಟು ಒಣಮೆಣಸಿನಕಾಯಿ ಹುರಿಯಬೇಕು. ಮೊದಲು ಪಸಿಯಾ ಮೆಣಸಿನಕಾಯಿ, ಆಮೇಲೆ ಮುಲಾತೊ, ಕಡೆಗೆ ಅವುಗಳ ಬೀಜ. ಬೀಜವನ್ನು ಇದ್ದಿಲಿನಷ್ಟು ಕಪ್ಪಾಗುವವರೆಗೆ ಸುಡದಿದ್ದರೆ ಗೊಜ್ಜಿಗೆ ಬಣ್ಣ ಬರುವುದಿಲ್ಲ, ಸುಟ್ಟರೆ ಒಳಗಿದ್ದವರ ಉಸಿರು ನಿಲ್ಲುತ್ತದೆ. ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಒಬ್ಬೊಬ್ಬರೇ ಹೊರಗೆ ಬರುತ್ತಾರೆ. ಹಾಗೆ ಬಂದವರು ಅಂಗಳದಲ್ಲಿ ಕೂತು ಟರ್ಕಿ ಕೋಳಿಯ ಪುಕ್ಕ ಕೀಳಬೇಕು. ಕಣ್ಣೀರು ಬಿದ್ದರೆ ಗೊಜ್ಜು ಹುಳಿಯುತ್ತದೆ ಎಂಬುದು ಅಜ್ಜಿಯರ ಕಾಲದ ನಂಬಿಕೆ. ಕಡೆಯವರೆಗೂ ಒಣಗಣ್ಣಿನಲ್ಲಿ ನಿಂತವಳ ಕೈಗೆ ತಿಬುರ್ಸಿಯಾ ಅಜ್ಜಿ ಸೌಟು ಕೊಡುತ್ತಾಳೆ. ಹಲ್ಲೆಲ್ಲ ಉದುರಿದ್ದರೂ ಈ ಒಂದು ಅಧಿಕಾರವನ್ನು ಆಕೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಒತೀಲಿಯಾ ಹುಟ್ಟಾ ಒಣಗಣ್ಣಿನವಳೇನೂ ಅಲ್ಲ. ಹುಡುಗಿಯಾಗಿದ್ದಾಗ ಎಲ್ಲರಿಗಿಂತ ಮೊದಲು ಅಂಗಳಕ್ಕೆ ಓಡಿಬರುತ್ತಿದ್ದವಳು ಅವಳೇ. ಮದುವೆಯಾಗಿ, ಮಗಳು ನೊಯೆಮಿ ದೊಡ್ಡವಳಾಗುವವರೆಗೂ ಅವಳ ಪಾಲಿಗೆ ಪುಕ್ಕವೇ. ಆಮೇಲೆ ಒಂದು ಹಬ್ಬದ ಸಂಜೆ, ಬಾಣಬಿರುಸು ಕಟ್ಟಿದ ಕಾಗದದ ಹೋರಿಯನ್ನು ಹೊತ್ತು ಕುಣಿಯುತ್ತಿದ್ದವನೊಬ್ಬ ಕುಡಿದ ಅಮಲಿನಲ್ಲಿ ದಾರಿ ತಪ್ಪಿ, ಕಿಡಿ ಕಾರುತ್ತ ಸೀದಾ ಇವಳ ಅಡುಗೆಮನೆಗೇ ನುಗ್ಗಿದ. ಒತೀಲಿಯಾ ಬೆಚ್ಚಿ ಬಿದ್ದಳು. ದಿಗಿಲು ಹೊಕ್ಕಿತೆಂದು ಅಕ್ಕಪಕ್ಕದವರು ಬಾಯಿಗೆ ಬನ್ನು ತುರುಕಿದರು, ಸಕ್ಕರೆ ನೀರು ಕುಡಿಸಿದರು, ಮೊಟ್ಟೆ ನಿವಾಳಿಸಿದರು. ಕೆಲವು ತಿಂಗಳಿಗೆ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಸಿಕ್ಕಿತು. ಊರಿಗೇನೂ ಆಶ್ಚರ್ಯವಾಗಲಿಲ್ಲ. ಸಕ್ಕರೆ ಕಾಯಿಲೆ ಬರುವುದೇ ದಿಗಿಲಿನಿಂದ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ದಿನವೂ ಬಾಟಲಿಗಟ್ಟಲೆ ಕುಡಿಯುವ ಕೋಲಾದ ಮೇಲೆ ಮಾತ್ರ ಒಬ್ಬರಿಗೂ ಅನುಮಾನ ಬರುವುದಿಲ್ಲ, ಪಾಪ.

ವರ್ಷಗಳು ಕಳೆದಂತೆ ಒತೀಲಿಯಾಳ ಕಣ್ಣೀರು ನಿಂತಿತು. ಎಂಥ ಘಾಟಿಗೂ ಜಗ್ಗದೆ, ತಂಪು ಗಾಳಿಗೆ ನಿಂತವಳಂತೆ ನಿಂತುಬಿಟ್ಟಳು. ಹೋರಿಯ ಕಿಡಿ ಅವಳ ಕಣ್ಣೀರನ್ನೆಲ್ಲ ಹೀರಿಕೊಂಡಿತು, ಘಾಟಿಗೆ ಈಗ ಅವಳಿಂದ ಕಿತ್ತುಕೊಳ್ಳಲು ಏನೂ ಉಳಿದಿಲ್ಲ ಎಂದು ತಿಬುರ್ಸಿಯಾ ಅಜ್ಜಿ ಘೋಷಿಸಿದಳು. ಸೌಟು ಕೈಗೆ ಬಂತು. ಒತೀಲಿಯಾ ಮೆರೆದಳು ನೋಡಿ, ಹೇಗೆ ಮೆರೆದಳು! ಪಕ್ಕದೂರಿನವರು ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಬ್ಯಾಂಡಿನಲ್ಲಿ ದೊಡ್ಡ ಡೋಲು ಬಾರಿಸುವ ಗಂಡ ಎವರಿಸ್ತೊ, "ಸೌಟಿನ ಒತೀಲಿಯಾ ಗಂಡ" ಎಂದೇ ಹೆಸರಾದ. ಅವನಿಗೆ ಅದರಿಂದ ಬೇಜಾರೇನಿಲ್ಲ, ಎಲ್ಲಿ ಹೋದರೂ ಊಟ ಮೊದಲು ಬರುತ್ತಿತ್ತು.

ಹೊಟ್ಟೆ ಉರಿದದ್ದು ಓರಗಿತ್ತಿ ಕ್ರೆಸೆನ್ಸಿಯಾಳಿಗೆ, ಎವರಿಸ್ತೊನ ತಮ್ಮನ ಹೆಂಡತಿಗೆ. ಅವಳ ಕೈಯ ರುಚಿಯೇನೂ ಕಡಿಮೆಯದಲ್ಲ, ನಿಜವನ್ನು ಹೇಳಬೇಕು. ಆದರೆ ಪ್ರತಿ ಹಬ್ಬದಲ್ಲೂ ಕಡೆಯ ಹೊತ್ತಿಗೆ ಅವಳ ಕಣ್ಣು ಹನಿಯುತ್ತಿತ್ತು, ಮೂಗು ಮುರಿಯುತ್ತ ಅಂಗಳಕ್ಕೆ ಬರುತ್ತಿದ್ದಳು.

ಜನವರಿಯ ಒಂದು ಮದುವೆಯಲ್ಲಿ ಎಲ್ಲ ತಿರುಗುಮುರುಗಾಯಿತು. ಒತೀಲಿಯಾ ಬೀಜ ಸುಡುತ್ತಿದ್ದಳು. ಕೆಲವು ದಿನಗಳಿಂದ ಬೆಳಿಗ್ಗೆ ಏಳುವಾಗ ರೆಪ್ಪೆ ಅಂಟಿಕೊಂಡಿರುತ್ತಿತ್ತು, ಎದುರಿಗಿದ್ದವರ ಮುಖ ಮಂಜಾಗಿ, ನಾಲ್ಕು ಸಲ ರೆಪ್ಪೆ ಬಡಿದರೆ ತಿಳಿಯಾಗುತ್ತಿತ್ತು. ವಯಸ್ಸಾಯಿತಲ್ಲ ಎಂದುಕೊಂಡು ಕಣ್ಣನ್ನು ಸೇವಂತಿಗೆಯ ಕಷಾಯದಲ್ಲಿ ತೊಳೆದು ಸುಮ್ಮನಾಗಿದ್ದಳು. ಹೆಂಚಿನ ಮೇಲೆ ಬೀಜ ಚಟಪಟ ಸಿಡಿಯುತ್ತಿತ್ತು. ನೀರಿನ ಕೊಡ ತಂದ ನೊಯೆಮಿ ತಾಯಿಯ ಮುಖ ನೋಡಿ ನಿಂತುಬಿಟ್ಟಳು.

"ಅಮ್ಮ, ಸ್ವಲ್ಪ ಈ ಕಡೆ ತಿರುಗು."

"ಬೀಜ ಬೂದಿಯಾಗತ್ತೆ, ಆಮೇಲೆ ಬಾ."

"ಆಗ್ಲಿ. ತಿರುಗು ಅಂದ್ನಲ್ಲ. ನಿನ್ನ ಬಲಗಣ್ಣಲ್ಲಿ ಬೀಜ ಕೂತಿದೆ."

"ಎಲ್ಲಿ?"

"ಕರಿಗುಡ್ಡೆ ಮೇಲೇನೇ ಅಂಟಿಕೊಂಡಿದೆ. ನಿಂಗೇನೂ ಗೊತ್ತಾಗ್ತಿಲ್ವಾ?"

"ಇಲ್ವಲ್ಲೇ," ಎಂದಳು ಒತೀಲಿಯಾ. ಅವಳಿಗೆ ನಿಜವಾಗಿಯೂ ಏನೂ ಗೊತ್ತಾಗಿರಲಿಲ್ಲ.

ತಿಬುರ್ಸಿಯಾ ಅಜ್ಜಿ ಕೋಲೂರಿಕೊಂಡು ಬಂದು ಬಗ್ಗಿ ನೋಡಿದಳು. "ನೋಡ್ರೇ ಇಲ್ಲಿ. ಬೆಂಕಿ ಕಣ್ಣಿಗೆ ಬಿದ್ರೂ ಇವಳು ರೆಪ್ಪೆ ಬಡೀಲಿಲ್ಲ. ಸೌಟು ಅಂದ್ರೆ ಇಂಥೋಳ ಕೈಲಿರ್ಬೇಕು."

ಹೆಂಗಸರು ಚಪ್ಪಾಳೆ ತಟ್ಟಿದರು. ಒತೀಲಿಯಾ ಎದೆಯುಬ್ಬಿಸಿ ನಿಂತಳು. ಕಣ್ಣಿನಲ್ಲಿ ಕೆಂಡದ ಚೂರು ಇಟ್ಟುಕೊಂಡು ಹೊಗಳಿಸಿಕೊಳ್ಳುವುದೆಂದರೆ ಇದೇ ಇರಬೇಕು. ನೊಯೆಮಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಊರಿನ ಸಂದಿಗೊಂದಿಗಳಲ್ಲಿ ಆಟೋ ಓಡಿಸುವ ಹುಡುಗಿ ಅವಳು, ಒಪ್ಪದವರನ್ನು ಹತ್ತಿಸಿಕೊಂಡು ಹೋಗುವುದು ಗೊತ್ತಿತ್ತು. ತಾಯಿಯ ರಟ್ಟೆ ಹಿಡಿದು ಆಟೋದಲ್ಲಿ ಕೂರಿಸಿ ಹೆದ್ದಾರಿಗೆ ತಂದಳು, ಅಲ್ಲಿಂದ ಬಸ್ಸಿನಲ್ಲಿ ಪ್ವೆಬ್ಲಾದ ಕಣ್ಣಾಸ್ಪತ್ರೆಗೆ. ದಾರಿಯುದ್ದಕ್ಕೂ ಒತೀಲಿಯಾ ಬೈದದ್ದು ಬೈದದ್ದೇ.

ಅಲ್ಲಿದ್ದ ಡಾಕ್ಟರ್ ಎಲೋಯಿಸಾ ನಡುವಯಸ್ಸಿನ ಹೆಂಗಸು, ಮಾತು ಕಮ್ಮಿ, ಬೆಣ್ಣೆ ಹಚ್ಚಿ ಮಾತಾಡುವವಳಂತೂ ಅಲ್ಲವೇ ಅಲ್ಲ. ಬೀಜ ತೆಗೆದಳು. ಕಣ್ಣಿಗೆ ಬಣ್ಣದ ಔಷಧಿ ತಾಗಿಸಿ, ನೀಲಿ ದೀಪ ಬಿಟ್ಟು, ಬಹಳ ಹೊತ್ತು ನೋಡಿದಳು. ಕೆಳರೆಪ್ಪೆಗೆ ಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ ಕಣ್ಣು ಮುಚ್ಚಿಸಿ ಕೂರಿಸಿದಳು, ತೆಗೆದು ನೋಡಿದರೆ ಪಟ್ಟಿ ಇಟ್ಟ ಹಾಗೇ ಒಣಗಿತ್ತು. ಕಡೆಗೆ ಹತ್ತಿಯನ್ನು ನೂಲಿನ ಎಳೆಯಂತೆ ಹೊಸೆದು, "ದೋನ್ಯಾ ಒತೀಲಿಯಾ, ಇದು ತಾಗಿದ ತಕ್ಷಣ ಹೇಳಿ," ಎಂದಳು.

ಒತೀಲಿಯಾ ಕಾದಳು. "ಯಾವಾಗ ತಾಗಿಸ್ತೀರಾ?"

ಡಾಕ್ಟರ್ ನೊಯೆಮಿಯನ್ನು ಕರೆದು ಅವಳ ಕಣ್ಣಿಗೆ ಬೇರೆ ಎಳೆಯ ತುದಿ ತಾಗಿಸಿದಳು. ತಾಗಿತೋ ಇಲ್ಲವೋ, ನೊಯೆಮಿ ಕುರ್ಚಿಯಿಂದ ಎದ್ದೇಬಿಟ್ಟಳು. ಕಣ್ಣಲ್ಲಿ ನೀರು ತುಂಬಿತು.

"ನಿಮ್ಗೆ ಇದನ್ನೇ ಮಾಡ್ದೆ. ಎರಡೂ ಕಣ್ಣಿಗೆ, ಎರಡೆರಡು ಸಲ," ಎಂದಳು ಡಾಕ್ಟರ್.

ಒತೀಲಿಯಾ ಬಿಗುಮಾನ ಬಿಡಲಿಲ್ಲ. "ನಾನು ಘಾಟಿಗೇ ಜಗ್ಗದೋಳು ತಾಯಿ. ಹತ್ತಿಗೆ ಜಗ್ತೀನಾ?"

"ಜಗ್ಗದೇ ಇರೋದು ನೀವಲ್ಲ, ನಿಮ್ಮ ಕಣ್ಣು ಜೋಮು ಹಿಡಿದಿದೆ. ಸಕ್ಕರೆ ಏರಿ ಏರಿ ಕೆಲವರಿಗೆ ಕಾಲು ಜೋಮು ಹಿಡಿಯಲ್ವಾ, ಚಪ್ಪಲಿ ಕಳಚಿ ಬಿದ್ರೂ ಗೊತ್ತಾಗಲ್ಲ. ಕಣ್ಣಿನ ಮೇಲ್ಪದರದಲ್ಲೂ ಸಣ್ಣ ಸಣ್ಣ ನರ ಇರ್ತವೆ, ಅವೂ ಹಾಗೇನೇ. ಉರಿ ಅಂತ ಅವು ಹೇಳಿದ್ರೆ ತಾನೇ ಕಣ್ಣೀರು ಬರೋದು. ಹೇಳೋರೇ ಸತ್ತಿದ್ರೆ?"

"ಕಣ್ಣೀರು ಬರ್ದಿದ್ರೆ ಒಳ್ಳೇದೇ ಅಲ್ವಾ?"

"ಕಣ್ಣೀರು ಬರೀ ಅಳೋಕೆ ಅಂದ್ಕೊಂಡ್ರಾ? ಮಣ್ಣಿನ ಗೋಡೆಗೆ ವರ್ಷಾವರ್ಷ ಮೆತ್ತಲ್ವಾ ನೀವು, ಮೆತ್ತದಿದ್ರೆ ಏನಾಗತ್ತೆ? ಬಿರುಕು ಬಿಡತ್ತೆ. ನಿಮ್ಮ ಕಣ್ಣಿಗೆ ಮೆತ್ತೋರಿಲ್ಲ. ಎರಡೂ ಕಣ್ಣಿನ ಮೇಲೆ ಚುಕ್ಕೆ ಚುಕ್ಕೆ ಗಾಯ ಇದೆ. ಬಲಗಣ್ಣಲ್ಲಿ ಬೀಜ ಕೂತಿದ್ದ ಕಡೆ ದೊಡ್ಡ ಗಾಯ. ಕೀವು ಹಿಡಿದ್ರೆ ಆ ಕಣ್ಣು ಹೋಗತ್ತೆ. ನೋವೇ ಆಗಲ್ವಲ್ಲ, ಹೋದ್ಮೇಲೆ ನಿಮ್ಗೆ ಗೊತ್ತಾಗೋದು."

ಆಮೇಲೆ ಕೇಳಿದ ಪ್ರಶ್ನೆಗಳಿಗೆಲ್ಲ ಒತೀಲಿಯಾ ಮುಖ ಸಿಂಡರಿಸಿಕೊಂಡು ಉತ್ತರ ಕೊಟ್ಟಳು. ಮಾತ್ರೆ? ನೆನಪಾದಾಗ. ಕೋಲಾ? ಊಟಕ್ಕೆ ಅದಿಲ್ಲದೆ ಹೇಗೆ. ಇನ್ಸುಲಿನ್ ಯಾಕೆ ಬೇಡವೆಂದಿರಿ ಎಂದಾಗ ಮಾತ್ರ ದನಿ ಏರಿತು. "ಅದನ್ನ ಚುಚ್ಚಿಸ್ಕೊಂಡೋರಿಗೆಲ್ಲ ಕಣ್ಣು ಹೋಗತ್ತೆ ತಾಯಿ. ನಮ್ಮೂರಿನ ನಬೋರ್‌ಗೆ ಹೋಯ್ತು, ಅವನ ಅಕ್ಕನಿಗೂ ಹೋಯ್ತು."

"ನಬೋರ್ ಇನ್ಸುಲಿನ್ ತಗೊಂಡಿದ್ದು ಯಾವಾಗ?"

"ಕಡೆಗೆ. ಇನ್ನು ಬೇರೆ ದಾರಿಯೇ ಇಲ್ಲ ಅಂದಾಗ."

"ಮನೆಯೆಲ್ಲ ಉರಿದು ಹೋದ್ಮೇಲೆ ನೀರು ಹುಯ್ದು, ನೀರಿನಿಂದ್ಲೇ ಮನೆ ಹೋಯ್ತು ಅಂತೀರಲ್ಲ."

ಒತೀಲಿಯಾ ಹಟದ ಹೆಂಗಸು, ಆದರೆ ದಡ್ಡಿಯಲ್ಲ. ಮಗಳ ಕಣ್ಣು ಇನ್ನೂ ಕೆಂಪಗೆ ಒದ್ದೆಯಾಗಿತ್ತು. ಆ ಒದ್ದೆ ಕಣ್ಣನ್ನು ನೋಡುತ್ತ ಅವಳಿಗೆ, ಇಷ್ಟು ವರ್ಷ ತನಗೆ ಸಿಕ್ಕಿದೆಯೆಂದು ಮೆರೆದದ್ದು ಸಿಕ್ಕಿದ್ದೇನೂ ಅಲ್ಲ, ತನ್ನಿಂದ ಹೋದದ್ದು ಎಂದು ಹೊಳೆಯಿತು. ಹೆದರಿಕೆಯಾಯಿತು. ಹೋರಿ ನುಗ್ಗಿದಾಗಲೂ ಇಷ್ಟು ಹೆದರಿರಲಿಲ್ಲ.

"ಕಣ್ಣು ಮತ್ತೆ ಜೀವ ಹಿಡಿಯತ್ತಾ?"

"ಗಾಯ ಮಾಯತ್ತೆ, ನಾನು ಹೇಳಿದ ಹಾಗೆ ನೀವು ಕೇಳಿದ್ರೆ. ನರ ಚಿಗುರತ್ತೋ ಇಲ್ವೋ, ಹೇಳಕ್ಕಾಗಲ್ಲ. ಚಿಗುರಿದೋರೂ ಇದ್ದಾರೆ. ನಾನು ಹೇಳೋವರೆಗೂ ಹೊಗೆಮನೆ ಕಡೆ ತಲೆ ಹಾಕ್ಬೇಡಿ."

ಸೌಟು ಬಿಡುವುದೆಂದರೆ ಅವಳಿಗೆ ಕೈ ಕತ್ತರಿಸಿಕೊಟ್ಟ ಹಾಗೆ. ಅದಕ್ಕಿಂತ ದೊಡ್ಡ ಫಜೀತಿ ಇನ್ನೊಂದಿತ್ತು. ಕಣ್ಣು ವಾಸಿಯಾಯಿತೆಂದರೆ ಘಾಟಿಗೆ ಕಣ್ಣೀರು ಬರುತ್ತದೆ, ಕಣ್ಣೀರು ಬಂದವಳಿಗೆ ಸೌಟು ಇಲ್ಲ. ವಾಸಿಯಾಗದಿದ್ದರೆ ಸೌಟು ಉಳಿದರೂ ಕಣ್ಣು ಉಳಿಯುವುದಿಲ್ಲ. ಬಸ್ಸಿನಲ್ಲಿ ಬರುವಾಗ ಇದನ್ನೇ ಲೆಕ್ಕ ಹಾಕಿದಳು, ಮನೆ ಬಾಗಿಲು ಬರುವಷ್ಟರಲ್ಲಿ ತೀರ್ಮಾನ ಮಾಡಿದ್ದಳು. ತಿಬುರ್ಸಿಯಾ ಅಜ್ಜಿಯ ಮನೆಗೆ ತಾನೇ ಹೋಗಿ ಸೌಟನ್ನು ಜಗಲಿಯ ಮೇಲಿಟ್ಟು ಬಂದಳು.

ಮೇ ತಿಂಗಳ ಶಿಲುಬೆ ಹಬ್ಬಕ್ಕೆ ಸೌಟು ಕ್ರೆಸೆನ್ಸಿಯಾಳ ಪಾಲಾಯಿತು. ಅವಳ ಕಣ್ಣೂ ಆ ಸಲ ಕಡೆಯವರೆಗೆ ಹನಿಯಲಿಲ್ಲವಂತೆ. ಊಟದ ಪಂಕ್ತಿಯಲ್ಲಿ ಓರಗಿತ್ತಿಯ ತಟ್ಟೆಗೆ ತಾನೇ ಕೈಯಾರೆ ಗೊಜ್ಜು ಬಡಿಸುತ್ತ, "ಉಣ್ಣಕ್ಕ, ಚೆನ್ನಾಗಿ ಉಣ್ಣು. ಖಾರ ಜಾಸ್ತಿಯಾಗಿದ್ರೆ ಹೇಳು, ನಿನ್ನ ಕಣ್ಣು ಈಗ ಬಲು ನಾಜೂಕು ಅಂತೆ," ಎಂದಳು.

"ಖಾರ ಸರಿಯಾಗಿದೆ. ಚಾಕಲೇಟು ಎರಡು ಹಿಡಿ ಕಮ್ಮಿ," ಎಂದಳು ಒತೀಲಿಯಾ. ಪಂಕ್ತಿಯಲ್ಲಿದ್ದವರು ತಲೆ ತಗ್ಗಿಸಿ ನಕ್ಕರು. ಆದರೆ ಮನೆಗೆ ಬಂದು ಅವಳು ಬಹಳ ಹೊತ್ತು ಹಿತ್ತಲಲ್ಲಿ ಒಬ್ಬಳೇ ಕೂತಿದ್ದಳು. ಅತ್ತು ಹಗುರಾಗೋಣವೆಂದರೆ ಅದಕ್ಕೂ ಕಣ್ಣೀರು ಬೇಕಲ್ಲ.

ಆ ವರ್ಷ ಅವಳು ಪಟ್ಟ ಪಾಡನ್ನು ನೋಡಿದವರು ನಾವು. ಕೋಲಾ ಬಿಟ್ಟಳು. ಸಿಹಿ ಬನ್ನು ಬಿಟ್ಟಳು. ರೊಟ್ಟಿಯಂತೂ ಎಣಿಸಿ ಹಾಕಿಸಿಕೊಳ್ಳುತ್ತಿದ್ದಳು, ರೊಟ್ಟಿ ಬಡಿಯುವ ಮನೆಯಲ್ಲಿ ಹುಟ್ಟಿದವಳು. ಇನ್ಸುಲಿನ್ ಮೊದಲ ಸಲ ಚುಚ್ಚಿಕೊಂಡ ಬೆಳಿಗ್ಗೆ, ಇನ್ನೇನು ಕತ್ತಲೆ ಕವಿಯುತ್ತದೆಂದು ಕುರ್ಚಿ ಗಟ್ಟಿಯಾಗಿ ಹಿಡಿದು ಕೂತಿದ್ದಳಂತೆ. ಎವರಿಸ್ತೊ ಎದುರಿಗೆ ನಿಂತು ಬೆರಳು ತೋರಿಸಿ, "ಇದೆಷ್ಟು ಹೇಳೇ ಮುದುಕಿ," ಎಂದು ಪರೀಕ್ಷೆ ಮಾಡಿದ. "ನಿನ್ನ ಉಗುರು ಕೊಳೆಯಾಗಿದೆ, ಹೋಗಿ ತೊಳ್ಕೊ ಮುದುಕ," ಎಂದಳಂತೆ. ಅಲ್ಲಿಗೆ ಇನ್ಸುಲಿನ್ನಿನ ಭಯ ಹೋಯಿತು.

ಗಾಯ ಮಾಯಲು ತಡವಾದಾಗ ಡಾಕ್ಟರ್ ಎಲೋಯಿಸಾ ಇನ್ನೊಂದು ಮದ್ದು ಹೇಳಿದಳು. ಒತೀಲಿಯಾಳ ರಕ್ತವನ್ನೇ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲೆ ನಿಲ್ಲುವ ತಿಳಿಯನ್ನು ಕಣ್ಣಿನ ಹನಿಯಾಗಿ ಮಾಡಿ ಸಣ್ಣ ಸಣ್ಣ ಶೀಶೆಗಳಲ್ಲಿ ಕೊಟ್ಟರು. ಕಣ್ಣೀರಿನಲ್ಲಿರುವ ಪೋಷಣೆ ಅದರಲ್ಲೂ ಇರುತ್ತದಂತೆ. ಫ್ರಿಜ್ಜಿನ ಐಸಿನ ಖಾನೆಯಲ್ಲಿ ಇಡಬೇಕು, ಒಂದೊಂದೇ ತೆಗೆದು ಹಾಕಿಕೊಳ್ಳಬೇಕು. ಎವರಿಸ್ತೊ ಬ್ಯಾಂಡಿನವರಿಗೆಲ್ಲ ಹೇಳಿಕೊಂಡು ಬಂದ: "ನಿಮ್ಮ ನಿಮ್ಮ ಹೆಂಡ್ತೀರ ಕಣ್ಣೀರಿಗೆ ಹೆದರಿ ನೀವು ಸಾಯ್ತೀರಿ. ನನ್ನ ಹೆಂಡ್ತಿ ಕಣ್ಣೀರು ಫ್ರಿಜ್ಜಲ್ಲಿದೆ ಕಣ್ರೋ, ಮಾಂಸದ ಪಕ್ಕದಲ್ಲಿ."

ತಮಾಷೆ ಮಾಡಿದರೇನು, ಹೊತ್ತು ಹೊತ್ತಿಗೆ ಹನಿ ಹಾಕುತ್ತಿದ್ದವನು ಅವನೇ. ಡೋಲು ಬಾರಿಸುವ ಆ ದಪ್ಪ ಕೈ ಅವಳ ರೆಪ್ಪೆ ಬಿಡಿಸುವಾಗ ಮಾತ್ರ ಎಷ್ಟು ಮೆತ್ತಗಾಗುತ್ತಿತ್ತೆಂದರೆ, ನೊಯೆಮಿ ಬೇಕೆಂದೇ ಆಚೆ ಹೋಗುತ್ತಿದ್ದಳು.

ಮಳೆಗಾಲದ ಹೊತ್ತಿಗೆ ಬಲಗಣ್ಣಿನ ಗಾಯ ಮಾಯಿತು. ಬೆಳಿಗ್ಗೆ ರೆಪ್ಪೆ ಅಂಟುವುದು ನಿಂತಿತು, ಮಂಜು ಸರಿಯಿತು. ಅಕ್ಟೋಬರಿನಲ್ಲಿ ಸಂತ ಲೂಕನ ಹಬ್ಬ. ಅದಕ್ಕೆ ಕೆಲವು ದಿನ ಮುಂಚೆ ಡಾಕ್ಟರ್ ಮತ್ತೆ ಹತ್ತಿಯ ಎಳೆ ತಾಗಿಸಿದಳು. ಎಡಗಣ್ಣಿಗೆ ತಾಗಿದಾಗ ಒತೀಲಿಯಾ, "ಏನೋ ಸೊಳ್ಳೆ ಕೂತ ಹಾಗಾಯ್ತು," ಎಂದಳು. ಬಲಗಣ್ಣಿಗೆ ತಾಗಿದಾಗ ಸುಮ್ಮನೆ ಕೂತಿದ್ದಳು.

"ಬಲಗಡೆ ಇನ್ನೂ ಇಲ್ಲ," ಎಂದಳು ಡಾಕ್ಟರ್.

"ಹಬ್ಬಕ್ಕೆ ಹೆಂಚಿನ ಮುಂದೆ ನಿಂತ್ಕೊಳ್ಳಾ?"

"ಯಾಕೆ? ಸೌಟು ಗೆಲ್ಲೋಕಾ?"

"ಸೋಲಕ್ಕೆ ತಾಯಿ. ನಿಮ್ಮ ಹತ್ತಿಗೆ ಜಗ್ಗದ್ದು ಆ ಘಾಟಿಗೆ ಜಗ್ಗತ್ತೋ ನೋಡ್ಬೇಕು. ಬಲಗಣ್ಣು ಬದುಕಿದ್ಯೋ ಇಲ್ವೋ ನಂಗೆ ಗೊತ್ತಾಗ್ಬೇಕು."

ಡಾಕ್ಟರ್ ಒಪ್ಪಲಿಲ್ಲ. ಒತೀಲಿಯಾ ಎದ್ದು ಹೋಗಲಿಲ್ಲ. ಹೊರಗೆ ಕಾದಿದ್ದವರು ಗೊಣಗತೊಡಗಿದಾಗ ಡಾಕ್ಟರೇ ಸೋತು, ಕಿಟಕಿ ತೆಗೆದಿರಬೇಕು, ಹೆಚ್ಚು ಹೊತ್ತು ನಿಲ್ಲಬಾರದು, ಹೊರಗೆ ಬಂದ ಕೂಡಲೇ ಹನಿ ಹಾಕಿಕೊಳ್ಳಬೇಕು ಎಂದು ಷರತ್ತು ಹಾಕಿದಳು.

ಹುರಿಯುವ ದಿನ ಒತೀಲಿಯಾ ಹೊಗೆಮನೆಗೆ ಬಂದಳು, ಹಿಂದೆ ಎವರಿಸ್ತೊ, ಅವನ ಕೈಯಲ್ಲಿ ಹಾರೆ. ಬಂದವನೇ ಕಿಟಕಿಯ ಹಲಗೆಗೆ ಹಾರೆ ಕೊಟ್ಟ. ತಿಬುರ್ಸಿಯಾ ಅಜ್ಜಿ ಕೋಲು ಎತ್ತಿದಳು.

"ಮುಟ್ಬೇಡವೋ ಅದನ್ನ. ನಮ್ಮತ್ತೆ ಹೊಡೆಸಿದ ಹಲಗೆ ಅದು."

"ಅಜ್ಜಿ, ಸೌಟು ಹಿಡೀತಿದ್ರಲ್ಲ ನಿಮ್ಮತ್ತೆ, ಕಡೆಗಾಲದಲ್ಲಿ ಅವರಿಗೆ ಕಣ್ಣು ಕಾಣಿಸ್ತಿತ್ತಾ?" ಎಂದು ಕೇಳಿದಳು ಒತೀಲಿಯಾ.

ಅಜ್ಜಿಯ ಕೋಲು ಮೇಲಿದ್ದದ್ದು ಹಾಗೇ ನಿಂತಿತು. ಕಾಣಿಸುತ್ತಿರಲಿಲ್ಲ. ಅತ್ತೆಯನ್ನು ಕೈಹಿಡಿದು ಇಗರ್ಜಿಗೆ ಕರೆದೊಯ್ಯುತ್ತಿದ್ದವಳು ತಾನೇ. ಅವಳು ಕೋಲು ಇಳಿಸಿದಳು, ಹಲಗೆ ಕಿರುಗುಟ್ಟುತ್ತ ಕಿತ್ತು ಬಂತು, ಎಷ್ಟೋ ವರ್ಷದಿಂದ ಬೆಳಕು ಕಾಣದ ಆ ಮಸಿಗೋಡೆಯ ಮೇಲೆ ಬಿಸಿಲು ಬಿತ್ತು.

ಹುರಿಯುವುದು ಶುರುವಾಯಿತು. ಪಸಿಯಾ ಹೆಂಚಿಗೆ ಬಿತ್ತು. ಕಿಟಕಿ ತೆಗೆದಿದ್ದರೇನು, ಘಾಟು ಘಾಟೇ. ವಯಸ್ಸಿನ ಹುಡುಗಿಯರು ಕೆಮ್ಮುತ್ತ ಹೊರಗೋಡಿದರು. ಒತೀಲಿಯಾ ಹೆಂಚಿನ ಮೇಲೆ ಮುಖವಿಟ್ಟು ನಿಂತಳು. ಏನೂ ಆಗಲಿಲ್ಲ. ಮುಲಾತೊ ಬಿತ್ತು. ಮನೆಮಂದಿಗೆಲ್ಲ ಅಡುಗೆ ಮಾಡಿ ಮಾಡಿ ಪಳಗಿದವರೂ ಶಾಲಿನಲ್ಲಿ ಮುಖ ಮುಚ್ಚಿ ಎದ್ದರು. ಒತೀಲಿಯಾಳ ಕಣ್ಣು ಒಣಗಿಯೇ ಇತ್ತು.

"ನೋಡ್ರೇ, ಹಳೇ ಒತೀಲಿಯಾನೇ ವಾಪಸ್ ಬಂದ್ಲು," ಎಂದು ಯಾರೋ ಮೆಚ್ಚಿಕೊಂಡರು. ಅವಳಿಗೆ ಆ ಮಾತು ಕಿವಿಗೆ ಸೀಸ ಹುಯ್ದ ಹಾಗಾಯಿತು. ಇಷ್ಟೆಲ್ಲ ಮಾಡಿಯೂ ಸತ್ತದ್ದು ಸತ್ತೇ ಇದೆಯಲ್ಲ ಎಂದುಕೊಂಡು ಹೆಂಚಿನ ಕಡೆಗೆ ಇನ್ನಷ್ಟು ಬಗ್ಗಿದಳು. ಬಾಗಿಲ ಬಳಿ ನಿಂತಿದ್ದ ನೊಯೆಮಿ ಮತ್ತು ಅಜ್ಜಿಯನ್ನು ಬಿಟ್ಟರೆ ಹೊಗೆಮನೆಯಲ್ಲಿ ಉಳಿದವರು, ಹೆಂಚಿನ ಮುಂದೆ ಅವಳು ಮತ್ತು ಕ್ರೆಸೆನ್ಸಿಯಾ ಇಬ್ಬರೇ.

ಬೀಜ ಹೆಂಚಿಗೆ ಬಿತ್ತು. ಮೊದಲು ಕೆಂಪಾಯಿತು, ಆಮೇಲೆ ಕಂದು, ಆಮೇಲೆ ಕಪ್ಪು. ಹೊಗೆ ನೀಲಿಯಾಗಿ ಎದ್ದಿತು. ಒತೀಲಿಯಾಳ ಎಡಗಣ್ಣು ಚುರ್ರೆಂದಿತು. ಅವಳು ಉಸಿರು ಬಿಗಿಹಿಡಿದು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣನ್ನೇ ಅಗಲವಾಗಿ ತೆರೆದು ಹೊಗೆಗೆ ಒಡ್ಡಿದಳು. ಬಾರೋ, ಬಾ, ಚುಚ್ಚು ಎಂದು ಮನಸ್ಸಿನಲ್ಲೇ ಬೈದಳು.

ಮೊದಲು ಒಂದು ನವೆ. ಮರಳು ಬಿದ್ದ ಹಾಗೆ. ಆಮೇಲೆ ಬೆಂಕಿ. ಸೂಜಿಯ ಮೊನೆ ಕಾಯಿಸಿ ಇಟ್ಟ ಹಾಗೆ ಉರಿ, ತಡೆಯಲಾರದ, ಕೂಗುವಂಥ ಉರಿ. ಬಲಗಣ್ಣಿನ ಮೂಲೆಯಲ್ಲಿ ಏನೋ ಬೆಚ್ಚಗೆ ಕೂಡಿಕೊಂಡು, ರೆಪ್ಪೆ ತುಂಬಿ, ಕೆನ್ನೆಯ ಮೇಲೆ ಇಳಿಯಿತು.

"ನೊಯೆಮಿ," ಎಂದಳು. "ಉರೀತಿದೆ ಕಣೇ. ಬಲಗಣ್ಣು ಉರೀತಿದೆ."

ನೊಯೆಮಿ ಓಡಿಬಂದು ತಾಯಿಯ ಮುಖ ಹಿಡಿದುಕೊಂಡಳು. ತಾಯಿಮಗಳು ಇಬ್ಬರೂ ಅಳುತ್ತಿದ್ದರು, ಇಬ್ಬರೂ ನಗುತ್ತಿದ್ದರು. ಕಿಟಕಿಯಲ್ಲಿ ತಲೆ ತೂರಿಸಿದ್ದ ಎವರಿಸ್ತೊ ಅಂಗಳದವರ ಕಡೆ ತಿರುಗಿ, "ಅಳ್ತಿದಾಳೆ, ನನ್ನ ಹೆಂಡ್ತಿ ಅಳ್ತಿದಾಳೆ," ಎಂದು ಸಾರಿದ. ಹೆಂಡತಿ ಅತ್ತದ್ದಕ್ಕೆ ಅಷ್ಟು ಹಿಗ್ಗಿದ ಗಂಡನನ್ನು ನಾವು ಯಾರೂ ನೋಡಿರಲಿಲ್ಲ.

ಕ್ರೆಸೆನ್ಸಿಯಾ ಹೆಂಚಿನ ಮುಂದಿನಿಂದ ಕದಲಿರಲಿಲ್ಲ. ಗೆದ್ದವಳ ಠೀವಿಯಿಂದ ಅಜ್ಜಿಯ ಕಡೆ ಕೈ ಚಾಚಿದಳು. "ಪಾಪ, ಅಕ್ಕನ್ನ ಹೊರಗೆ ಕರ್ಕೊಂಡು ಹೋಗ್ರೇ. ಪುಕ್ಕ ಕೀಳೋದು ಬೇಕಾದಷ್ಟಿದೆ. ಸೌಟು ಕೊಡು ಅಜ್ಜಿ."

ಒತೀಲಿಯಾ ಆ ಕಡೆ ತಿರುಗಿದಳು. ನೀರು ತುಂಬಿದ ಕಣ್ಣಿನಿಂದಲೇ ಓರಗಿತ್ತಿಯ ಮುಖವನ್ನು ನೋಡಿದಳು. ನೀಲಿ ಹೊಗೆ ನೇರ ಅವಳ ಮುಖಕ್ಕೇ ಹೊಡೆಯುತ್ತಿತ್ತು. ಕಣ್ಣು ಕೆಂಪಗಿತ್ತು, ಒಂದು ಹನಿ ನೀರಿಲ್ಲ, ರೆಪ್ಪೆ ಅಪರೂಪಕ್ಕೆ ಬಡಿಯುತ್ತಿತ್ತು.

"ಕ್ರೆಸೆನ್ಸಿಯಾ, ನಿಂಗೆ ಉರೀತಿಲ್ವಾ?"

"ಒಂಚೂರೂ ಇಲ್ಲ," ಎಂದಳು ಅವಳು ಹುಬ್ಬು ಹಾರಿಸಿ.

"ಹೋದ ವರ್ಷ ಉರೀತಿತ್ತು."

"ಹೋದ ವರ್ಷದ ಮಾತು ಯಾಕೀಗ. ಈ ವರ್ಷ ನನ್ನ ಕಣ್ಣು ಗಟ್ಟಿಯಾಗಿದೆ."

ಒತೀಲಿಯಾ ಶಾಲಿನಿಂದ ಮುಖ ಒರೆಸಿಕೊಂಡು, ಹನಿಯ ಶೀಶೆ ಇಟ್ಟುಕೊಂಡಿದ್ದ ಚೀಲದಿಂದ ಹೊಸ ಹತ್ತಿ ತೆಗೆದಳು. ಎಳೆಯಾಗಿ ಹೊಸೆದಳು. ಓರಗಿತ್ತಿಯನ್ನು ಕಿಟಕಿಯ ಬೆಳಕಿಗೆ ಎಳೆದು ನಿಲ್ಲಿಸಿ, "ಅಲ್ಲಾಡ್ಬೇಡ. ಇದು ಕಣ್ಣಿಗೆ ತಾಗಿದ ತಕ್ಷಣ ಹೇಳು,"  ಎಂದಳು. ಅಂಗಳದ ಹೆಂಗಸರೆಲ್ಲ ಪುಕ್ಕ ಬಿಟ್ಟು ಕಿಟಕಿಗೆ ಮುತ್ತಿಕೊಂಡಿದ್ದರು. ಎಳೆಯ ತುದಿ ಕ್ರೆಸೆನ್ಸಿಯಾಳ ಕರಿಗುಡ್ಡೆಯನ್ನು ಮುಟ್ಟಿದ್ದು ಎಲ್ಲರಿಗೂ ಕಂಡಿತು. ನೋಡುತ್ತಿದ್ದವರ ರೆಪ್ಪೆಗಳೇ ಪಟಪಟ ಬಡಿದವು.

"ಮುಟ್ಟಕ್ಕ, ಯಾಕಿಷ್ಟು ತಡ?" ಎಂದಳು ಕ್ರೆಸೆನ್ಸಿಯಾ.

"ಮುಟ್ಟಾಯ್ತು ಕಣೇ."

ಕ್ರೆಸೆನ್ಸಿಯಾ ಕಿಟಕಿಯಲ್ಲಿದ್ದ ಮುಖಗಳನ್ನು ಒಂದೊಂದಾಗಿ ನೋಡಿದಳು. ಯಾರೂ ನಗಲಿಲ್ಲ. ಠೀವಿಯೆಲ್ಲ ಇಳಿದುಹೋಗಿ, ಓರಗಿತ್ತಿಯ ತೋಳು ಹಿಡಿದುಕೊಂಡಳು. "ಅಕ್ಕ, ನಂಗೂ ಸಕ್ಕರೆ ಇರ್ಬೋದಾ? ನನ್ನ ಕಣ್ಣೂ ಹೋಗತ್ತಾ?"

"ನನ್ನ ಕಣ್ಣು ನೋಡೇ," ಎಂದಳು ಒತೀಲಿಯಾ, ಉರಿಯುವ ಬಲಗಣ್ಣನ್ನು ಅವಳ ಮುಖದ ಹತ್ತಿರ ತಂದು. "ಡಾಕ್ಟರು ಇನ್ನೂ ಇಲ್ಲ ಅಂದಿದ್ದ ಕಣ್ಣು ಇದು. ಹೇಗೆ ಹರೀತಿದೆ ನೋಡು. ಸೋಮವಾರ ನೊಯೆಮಿ ಆಟೋ ನಿನ್ನ ಬಾಗಿಲಿಗೆ ಬರತ್ತೆ. ಬರಲ್ಲ ಅಂದ್ಯೋ, ಜುಟ್ಟು ಹಿಡಿದು ಹತ್ತಿಸ್ತೀನಿ. ಈಗ ಹೊರಗೆ ನಡಿ, ಗಾಳಿಗೆ ಕೂತ್ಕೋ."

ತಿಬುರ್ಸಿಯಾ ಅಜ್ಜಿ ಸೌಟು ಹಿಡಿದು ನಿಂತೇ ಇದ್ದಳು. ಒಣಗಣ್ಣಿನವಳಿಗೆ ಕೊಡಬೇಕು, ಅದು ನಿಯಮ. ಹೊಸಿಲು ದಾಟುತ್ತಿದ್ದ ಒಣಗಣ್ಣಿನವಳನ್ನು ನೋಡಿದಳು, ಅಳುತ್ತ ನಿಂತವಳನ್ನು ನೋಡಿದಳು. ಆಮೇಲೆ ಸೌಟನ್ನು ಒತೀಲಿಯಾಳ ಕೈಯಲ್ಲಿಟ್ಟಳು.

"ಕಣ್ಣೀರು ಬೀಳತ್ತಲ್ಲೇ ಗೊಜ್ಜಿಗೆ," ಎಂದಳು ಅಜ್ಜಿ, ಅರ್ಧ ತನಗೇ ಹೇಳಿಕೊಂಡ ಹಾಗೆ.

ಒತೀಲಿಯಾ ಗೊಜ್ಜಿನ ಹಂಡೆಯ ಮುಂದೆ ಕಾಲೂರಿ ನಿಂತಳು. ಎರಡೂ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ.

"ಬೀಳ್ಲಿ ಬಿಡಜ್ಜಿ," ಎಂದಳು. "ಉಪ್ಪು ಒಂಚೂರು ಕಮ್ಮಿ ಹಾಕಿದ್ರಾಯ್ತು."